ಎಲಿಯಟ್ ಕೌಂಟಿ: ಕೂಡಿಬಾರದ ಒಂದು ಲೆಕ್ಕದ ಟಿಪ್ಪಣಿಗಳು

ಕೆಂಟಕಿ ರಾಜ್ಯದ ಈಶಾನ್ಯ ಮೂಲೆಯ ಗುಡ್ಡಗಾಡಿನಲ್ಲಿ ಎಲಿಯಟ್ ಎಂಬ ಕೌಂಟಿ ಇದೆ. 2020ರ ಜನಗಣತಿ ಪ್ರಕಾರ 7,354 ಜನ. ನಮ್ಮ ಒಂದು ಗ್ರಾಮ ಪಂಚಾಯಿತಿಯಷ್ಟು. ಅಷ್ಟು ಜನ ಹರಡಿಕೊಂಡಿರುವುದು ಮಾತ್ರ ಸುಮಾರು ಆರುನೂರು ಚದರ ಕಿಲೋಮೀಟರಿನಲ್ಲಿ. ಕೌಂಟಿಯ ಕೇಂದ್ರ ಸ್ಯಾಂಡಿ ಹುಕ್, ಸಾವಿರ ಜನವೂ ಇಲ್ಲದ ಊರು. ಹಳ್ಳಿಹಾಡು ಕೇಳುವವರಿಗೆ ಇದು ಕೀತ್ ವಿಟ್ಲಿ ಎಂಬ ಗಾಯಕ ಬೆಳೆದ ಊರು. ಚುನಾವಣಾ ಪಂಡಿತರು ಇದರ ಹೆಸರೆತ್ತುವ ಕಾರಣ ಬೇರೆ: 1872ರಿಂದ 2012ರವರೆಗಿನ 36 ಅಧ್ಯಕ್ಷೀಯ ಚುನಾವಣೆಗಳಲ್ಲಿ ಒಮ್ಮೆಯೂ ಈ ಕೌಂಟಿ ಡೆಮಾಕ್ರಟಿಕ್ ಪಕ್ಷದ ಕೈ ಬಿಟ್ಟಿರಲಿಲ್ಲ. ಇಡೀ ಅಮೆರಿಕದಲ್ಲಿ ಅಷ್ಟು ಉದ್ದದ ಡೆಮಾಕ್ರಟಿಕ್ ಸರಪಳಿ ಬೇರೆ ಯಾವ ಕೌಂಟಿಗೂ ಇರಲಿಲ್ಲ. 2016ರಲ್ಲಿ ಅದು ಕಡಿದುಹೋಯಿತು. ಟ್ರಂಪ್‌ಗೆ ಶೇ. 70, ಹಿಲರಿ ಕ್ಲಿಂಟನ್‌ಗೆ ಶೇ. 26.

ಸೋಲು ಎಲ್ಲಿಯಾದರೂ ಆಗುತ್ತದೆ. 144 ವರ್ಷದ ಅಭ್ಯಾಸವನ್ನು ಒಂದು ಊರು ಶೇ. 70ರ ರಭಸದಲ್ಲಿ ಬಿಟ್ಟುಬಿಟ್ಟರೆ ಮಾತ್ರ ಕೂತು ಯೋಚಿಸಬೇಕಾಗುತ್ತದೆ.

*

ಡೆಮಾಕ್ರಟಿಕ್ ನಿಷ್ಠೆ ಎಂದರೆ ಮೊದಲು ನೆನಪಾಗುವುದು ಹಳೆಯ ದಕ್ಷಿಣ. ಕೆಂಟಕಿ ದಕ್ಷಿಣವೇ? ಅಂತರ್ಯುದ್ಧದಲ್ಲಿ ಅದು ಒಕ್ಕೂಟ ಬಿಟ್ಟು ಹೋಗಲಿಲ್ಲ. ಗುಲಾಮಗಿರಿ ಇತ್ತು, ಪ್ರತ್ಯೇಕತೆಗೆ ಮಾತ್ರ ಒಪ್ಪಲಿಲ್ಲ. ಅಮೆರಿಕದ ಜನಗಣತಿ ಇಲಾಖೆ ಅದನ್ನು ದಕ್ಷಿಣದ ಪಟ್ಟಿಯಲ್ಲೇ ಇಟ್ಟಿದೆ. ನಾನೂ ಹಾಗೇ ಇಡುತ್ತೇನೆ. ಇದರ ಮೇಲೆ ಜಗಳವಾಡುವವರು ಕೆಂಟಕಿಯಲ್ಲೇ ಬೇಕಾದಷ್ಟು ಮಂದಿ ಇದ್ದಾರೆ.

ಕೌಂಟಿ ಹುಟ್ಟಿದ್ದು ಯುದ್ಧ ಮುಗಿದ ಮೇಲೆ, 1869ರಲ್ಲಿ. ಮೊರ್ಗನ್, ಲಾರೆನ್ಸ್, ಕಾರ್ಟರ್ ಕೌಂಟಿಗಳಿಂದ ಒಂದೊಂದು ಭಾಗ ಕತ್ತರಿಸಿ ಮಾಡಿದ್ದು. ಹೆಸರು ಬಂದದ್ದು ಜಾನ್ ಮಿಲ್ಟನ್ ಎಲಿಯಟ್‌ನಿಂದ ಎನ್ನುತ್ತಾರೆ. ಈತ ವಾಷಿಂಗ್ಟನ್ನಿನ ಕಾಂಗ್ರೆಸ್ಸಿನಲ್ಲಿಯೂ ಕೂತವನು, ಬಂಡೆದ್ದ ದಕ್ಷಿಣದ ಕಾಂಗ್ರೆಸ್ಸಿನಲ್ಲಿಯೂ ಕೂತವನು. ಆಮೇಲೆ ಕೆಂಟಕಿಯ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶನಾದ. 1879ರಲ್ಲಿ, ತನ್ನ ಅಕ್ಕತಂಗಿಯ ಜಮೀನಿನ ವ್ಯಾಜ್ಯದಲ್ಲಿ ತೀರ್ಪು ವಿರುದ್ಧವಾಯಿತೆಂದು ಥಾಮಸ್ ಬ್ಯುಫೋರ್ಡ್ ಎಂಬವನು ಇವನನ್ನು ರಾಜಧಾನಿ ಫ್ರ್ಯಾಂಕ್‌ಫರ್ಟಿನಲ್ಲೇ ಗುಂಡಿಕ್ಕಿ ಕೊಂದ. ಬುದ್ಧಿಭ್ರಮಣೆಯ ಕಾರಣ ಹೇಳಿ ಕೊಲೆಗಾರ ಶಿಕ್ಷೆ ತಪ್ಪಿಸಿಕೊಂಡ.

ಅಂಥವನ ಹೆಸರಿಟ್ಟುಕೊಂಡ ಕೌಂಟಿ ಲಿಂಕನ್ನನ ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕದಿದ್ದರೆ ಆಶ್ಚರ್ಯವಿಲ್ಲ. ಎಲಿಯಟ್‌ನ ಡೆಮಾಕ್ರಟಿಕ್ ನಿಷ್ಠೆಗೆ ಮಾಮೂಲಿಯಾಗಿ ಕೊಡುವ ವಿವರಣೆ ಇದೇ: ತಾತ ಯಾವ ಕಡೆ ಬಂದೂಕು ಹಿಡಿದಿದ್ದನೋ ಮೊಮ್ಮಗ ಆ ಕಡೆ ಮತ ಹಾಕುತ್ತಾನೆ.

ವಿವರಣೆ 1900ರ ತನಕ ಸರಿಹೋಗುತ್ತದೆ. ಒಬಾಮಾಗೂ ಅದೇ ಮೊಮ್ಮಗನ ಮೊಮ್ಮಗ ಮತ ಹಾಕಿದನಲ್ಲ, ಅಲ್ಲಿಗೆ ಈ ದಾರ ಸಾಲುವುದಿಲ್ಲ.

*

ಇದೇ ವಿವರಣೆಯನ್ನು ಕನ್ನಡಿಯಲ್ಲಿ ನೋಡಬೇಕೆಂದರೆ ಅಲಬಾಮಾದ ವಿನ್‌ಸ್ಟನ್ ಕೌಂಟಿಗೆ ಹೋಗಬೇಕು. ಅದೂ ಗುಡ್ಡಗಾಡು, ಅಲ್ಲೂ ಸಣ್ಣ ಹಿಡುವಳಿಗಳು. ಹತ್ತಿಯ ದೊಡ್ಡ ತೋಟಗಳಿಲ್ಲ, ಗುಲಾಮರ ಪ್ರಮಾಣ ಅಲಬಾಮಾದಲ್ಲೇ ಅತಿ ಕಡಿಮೆ. 1861ರಲ್ಲಿ ರಾಜ್ಯ ಒಕ್ಕೂಟ ಬಿಡುವ ಸಭೆ ನಡೆಸಿದಾಗ ಈ ಕೌಂಟಿ ಕಳಿಸಿದ್ದು ಕ್ರಿಸ್ಟಫರ್ ಶೀಟ್ಸ್ ಎಂಬ ಎಳೆಯ ಶಾಲಾಮಾಸ್ತರನನ್ನು. ಆತ ಸಹಿ ಹಾಕಲಿಲ್ಲ. ರಾಜ್ಯ ಒಕ್ಕೂಟ ಬಿಡಬಹುದಾದರೆ ಕೌಂಟಿ ರಾಜ್ಯವನ್ನು ಯಾಕೆ ಬಿಡಬಾರದು ಎಂಬ ವಾದ ಅಲ್ಲಿ ಹುಟ್ಟಿತು; ವಿನ್‌ಸ್ಟನ್ ಸ್ವತಂತ್ರ ರಾಜ್ಯ ಎಂಬ ಅಡ್ಡಹೆಸರು ಇಂದಿಗೂ ಉಳಿದಿದೆ. ಡಬಲ್ ಸ್ಪ್ರಿಂಗ್ಸ್‌ನ ಕೋರ್ಟಿನ ಮುಂದೆ ಒಬ್ಬ ಸೈನಿಕನ ಪ್ರತಿಮೆ ಇದೆ: ಅರ್ಧ ಮೈಗೆ ಒಂದು ಸೇನೆಯ ಸಮವಸ್ತ್ರ, ಇನ್ನರ್ಧಕ್ಕೆ ಎದುರು ಸೇನೆಯದು.

ದಕ್ಷಿಣವೆಲ್ಲ ಡೆಮಾಕ್ರಟಿಕ್ ಆಗಿದ್ದ ಕಾಲದಲ್ಲಿ ವಿನ್‌ಸ್ಟನ್ ರಿಪಬ್ಲಿಕನ್ ದ್ವೀಪವಾಗಿತ್ತು. ಈಗ ದಕ್ಷಿಣದ ಬಿಳಿಯರ ಹಳ್ಳಿಗಳೆಲ್ಲ ರಿಪಬ್ಲಿಕನ್. ವಿನ್‌ಸ್ಟನ್ 2020ರಲ್ಲಿ ಟ್ರಂಪ್‌ಗೆ ಕೊಟ್ಟದ್ದು ಶೇ. 90. ಅಂದರೆ ವಿನ್‌ಸ್ಟನ್ ಹೆಚ್ಚುಕಡಿಮೆ ಕೂತಲ್ಲೇ ಕೂತಿತ್ತು, ಉಳಿದವರು ಬಂದು ಸುತ್ತ ನೆರೆದರು. ಎಲಿಯಟ್ ಎದುರು ತುದಿಯಿಂದ ಹೊರಟು ಅಲ್ಲಿಗೇ ಬಂತು. ಇಬ್ಬರ ತಾತಂದಿರು ಪರಸ್ಪರ ಗುಂಡು ಹಾರಿಸಿದವರು. ಹಾಗಾದರೆ ತಾತನ ಬಂದೂಕಿನ ಕಥೆ ಎಲ್ಲಿ ನಿಂತುಹೋಯಿತು, ಯಾವ ವರ್ಷ?

*

ಎಲಿಯಟ್‌ನ ಹಠ ಎಂಥದೆಂದು ಒಮ್ಮೆ ಬರೆದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನದರ ತೂಕ ತಿಳಿಯುವುದಿಲ್ಲ.

1928ರಲ್ಲಿ ಡೆಮಾಕ್ರಟರು ಕ್ಯಾಥಲಿಕ್ ಆದ ಆಲ್ ಸ್ಮಿತ್‌ನನ್ನು ನಿಲ್ಲಿಸಿದರು. ಪ್ರಾಟೆಸ್ಟಂಟ್ ದಕ್ಷಿಣ ಬಿರುಕು ಬಿಟ್ಟಿತು. ಟೆಕ್ಸಸ್, ವರ್ಜೀನಿಯಾ, ಫ್ಲಾರಿಡಾ ಕೈ ತಪ್ಪಿದವು, ಕೆಂಟಕಿಯೂ ತಪ್ಪಿತು. ಎಲಿಯಟ್ ಕದಲಲಿಲ್ಲ. 1968ರಲ್ಲಿ ಜಾರ್ಜ್ ವ್ಯಾಲೇಸ್ ವರ್ಣಭೇದದ ಕಹಳೆ ಊದಿಕೊಂಡು ದಕ್ಷಿಣದ ಅರ್ಧ ಬಾಚಿಕೊಂಡ. ಎಲಿಯಟ್ ಡೆಮಾಕ್ರಟ್ ಹಂಫ್ರಿಗೆ ಮತ ಹಾಕಿತು. 1972ರಲ್ಲಿ ಮೆಕ್‌ಗವರ್ನ್ ದೇಶದಲ್ಲಿ ಗೆದ್ದದ್ದು ಮ್ಯಾಸಚೂಸೆಟ್ಸ್ ಮತ್ತು ವಾಷಿಂಗ್ಟನ್ ನಗರವನ್ನಷ್ಟೇ. ಎಡಪಂಥೀಯ, ಯುದ್ಧವಿರೋಧಿ, ಉದ್ದಗೂದಲಿನ ಹುಡುಗರ ಅಭ್ಯರ್ಥಿ ಎಂದು ಹಳ್ಳಿಗಾಡು ಮೂಗು ಮುರಿದ ಮನುಷ್ಯ. ಎಲಿಯಟ್‌ನಲ್ಲಿ ಅವನಿಗೆ ಶೇ. 65! 1984ರಲ್ಲಿ ರೇಗನ್ 49 ರಾಜ್ಯ ಗೆದ್ದಾಗಲೂ ಇಲ್ಲಿ ಮೊಂಡೇಲ್.

ಇವರು ಅಭ್ಯರ್ಥಿಯ ಮುಖ ನೋಡುತ್ತಲೇ ಇರಲಿಲ್ಲವೇನೋ ಅನ್ನಿಸುತ್ತದೆ. ಕೆಂಟಕಿಯ ಮತಪತ್ರದಲ್ಲಿ ಅದಕ್ಕೆ ಅನುಕೂಲವೂ ಇದೆ: ಒಂದೇ ಗುರುತು ಹಾಕಿದರೆ ಅಧ್ಯಕ್ಷನಿಂದ ಹಿಡಿದು ಕೆಳಗಿನ ಹುದ್ದೆಯವರೆಗೆ ಇಡೀ ಪಕ್ಷಕ್ಕೆ ಮತ ಬೀಳುತ್ತದೆ. ಬಹಳ ರಾಜ್ಯಗಳು ಈ ಪದ್ಧತಿ ಕೈಬಿಟ್ಟಿವೆ, ಕೆಂಟಕಿ ಉಳಿಸಿಕೊಂಡಿದೆ.

*

ಕೆಳಗಿನ ಹುದ್ದೆ ಎಂದೆ. ಅಲ್ಲಿಯೇ ಅರ್ಧ ಗುಟ್ಟಿದೆ.

ಕೆಂಟಕಿಯ ಕೌಂಟಿಯಲ್ಲಿ ಜನ ಯಾರುಯಾರನ್ನು ಆರಿಸುತ್ತಾರೆ ನೋಡಿ: ಕೌಂಟಿಯ ಆಡಳಿತ ನಡೆಸುವ ಜಡ್ಜ್ (ಜಡ್ಜ್ ಅಂತ ಹೆಸರಿದ್ದರೂ ತೀರ್ಪು ಕೊಡುವ ಕೆಲಸವಿಲ್ಲ), ಶೆರಿಫ್, ಗುಮಾಸ್ತ, ಆಸ್ತಿಗೆ ಬೆಲೆ ಕಟ್ಟುವವನು, ಅಸಹಜ ಸಾವಿನ ವಿಚಾರಣೆ ಮಾಡುವವನು. ಜೈಲರ್‌ನನ್ನೂ ಮತ ಹಾಕಿಯೇ ಆರಿಸುತ್ತಾರೆ. ಈ ಕೆಲಸಗಳು ಬಡ ಕೌಂಟಿಯಲ್ಲಿ ಸಣ್ಣವಲ್ಲ. ರಸ್ತೆಗೆ ಜಲ್ಲಿ ಬೀಳಬೇಕಾದರೆ, ಕೋರ್ಟಿನಲ್ಲಿ ಮಗನಿಗೊಂದು ಗುಮಾಸ್ತಿಕೆ ಸಿಗಬೇಕಾದರೆ ಇವರ ಪೈಕಿ ಯಾರೋ ಒಬ್ಬರ ಪರಿಚಯ ಬೇಕು.

ಎಲ್ಲ ಹುದ್ದೆಯೂ ಡೆಮಾಕ್ರಟರದೇ ಆದ ಕೌಂಟಿಯಲ್ಲಿ ನಿಜವಾದ ಹಣಾಹಣಿ ನವೆಂಬರಿನಲ್ಲಿ ಇರುವುದಿಲ್ಲ. ಮೇ ತಿಂಗಳ ಪ್ರೈಮರಿಯಲ್ಲೇ, ಅಂದರೆ ಪಕ್ಷದ ಒಳಚುನಾವಣೆಯಲ್ಲೇ ಮುಗಿದಿರುತ್ತದೆ. ಕೆಂಟಕಿಯಲ್ಲಿ ಆ ಪ್ರೈಮರಿಗೆ ಹೊರಗಿನವರಿಗೆ ಪ್ರವೇಶವಿಲ್ಲ. ಡೆಮಾಕ್ರಟ್ ಎಂದು ಹೆಸರು ಬರೆಸಿಕೊಂಡವನಿಗೆ ಮಾತ್ರ ಡೆಮಾಕ್ರಟಿಕ್ ಮತಪತ್ರ. ಪಕ್ಷ ಬದಲಿಸಬೇಕೆಂದರೆ ಹಿಂದಿನ ಡಿಸೆಂಬರ್ 31ರೊಳಗೆ ಬದಲಿಸಿರಬೇಕು. ಹಾಗಾಗಿ ಎಲಿಯಟ್‌ನಲ್ಲಿ ರಿಪಬ್ಲಿಕನ್ ಎಂದು ಬರೆಸಿಕೊಂಡರೆ ಶೆರಿಫ್ ಯಾರಾಗಬೇಕೆಂಬ ಮಾತಿನಲ್ಲಿ ನಿಮಗೆ ಬಾಯಿಲ್ಲ. ಯಾರು ಬರೆಸಿಕೊಂಡಾರು?

ಇದು ಸಿದ್ಧಾಂತದ ನಿಷ್ಠೆಯಲ್ಲ, ವ್ಯವಹಾರ. ಟ್ರಂಪ್ 2016ರಲ್ಲಿ ಶೇ. 70 ಪಡೆದ ದಿನವೂ ಎಲಿಯಟ್‌ನ ನೋಂದಾಯಿತ ಮತದಾರರಲ್ಲಿ ಭಾರೀ ಬಹುಮತ ಡೆಮಾಕ್ರಟರದೇ. ಪುಸ್ತಕದಲ್ಲಿ ಒಂದು, ಪೆಟ್ಟಿಗೆಯಲ್ಲಿ ಇನ್ನೊಂದು.

*

ತಂಬಾಕು. ಇದನ್ನು ಹುಣಸೂರು, ಪಿರಿಯಾಪಟ್ಟಣದ ಕಡೆಯವರು ಬೇಗ ಹಿಡಿಯುತ್ತಾರೆ. ಅಲ್ಲಿ ತಂಬಾಕು ಮಂಡಳಿಯ ಲೈಸೆನ್ಸು, ಬ್ಯಾರನ್ನಿಗಿಷ್ಟು ಎಂಬ ಮಿತಿ ಇರುವಂತೆ ಕೆಂಟಕಿಯಲ್ಲೂ ರೂಸ್‌ವೆಲ್ಟ್ ಕಾಲದಿಂದ ಕೋಟಾ ಇತ್ತು. ಎಷ್ಟು ಬೆಳೆಯಬಹುದು ಎಂದು ಸರ್ಕಾರ ಹೇಳುತ್ತಿತ್ತು. ಅಷ್ಟನ್ನು ಬೆಳೆದವನಿಗೆ ಇಂತಿಷ್ಟಕ್ಕಿಂತ ಕಡಿಮೆ ಬೆಲೆ ಸಿಗದಂತೆ ನೋಡಿಕೊಳ್ಳುತ್ತಿತ್ತು. ಕೋಟಾ ಜಮೀನಿಗೆ ಅಂಟಿಕೊಂಡದ್ದು, ಗೇಣಿಗೂ ಕೊಡಬಹುದಿತ್ತು. ಅಲ್ಲಿನದು ಬರ್ಲಿ ಜಾತಿ. ನಮ್ಮಲ್ಲಿಯಂತೆ ಬೆಂಕಿ ಹಾಕಿ ಹದ ಮಾಡುವುದಿಲ್ಲ, ಗಿಡವನ್ನು ಬುಡಸಮೇತ ಕಡಿದು ಕೋಲಿಗೆ ಪೋಣಿಸಿ ಕೊಟ್ಟಿಗೆಯಲ್ಲಿ ವಾರಗಟ್ಟಲೆ ಗಾಳಿಗೆ ತೂಗುಬಿಡುತ್ತಾರೆ. ಇಳಿಜಾರಿನಲ್ಲಿ ಒಂದೆರಡು ಎಕರೆ ಸಮತಟ್ಟು ಸಿಕ್ಕರೂ ಸಾಕು, ವರ್ಷದ ಕೈಕಾಸು ಬರುತ್ತಿತ್ತು. ಆ ಕಾಸಿನ ಹಿಂದೆ ಡೆಮಾಕ್ರಟಿಕ್ ಸರ್ಕಾರದ ಕಾನೂನು ಇದೆ ಎಂದು ಮನೆಮನೆಗೂ ಗೊತ್ತಿತ್ತು.

2004ರ ಅಕ್ಟೋಬರಿನಲ್ಲಿ ಬುಷ್ ಸಹಿಯೊಂದಿಗೆ ಕೋಟಾ ಪದ್ಧತಿ ಮುಗಿಯಿತು. ಪರಿಹಾರವಾಗಿ ಕೋಟಾ ಇದ್ದವನಿಗೆ ಪೌಂಡಿಗೆ 7 ಡಾಲರ್, ಬೆಳೆದವನಿಗೆ 3 ಡಾಲರ್, ಹತ್ತು ವರ್ಷದ ಕಂತುಗಳಲ್ಲಿ. ಕೊನೆಯ ಕಂತು 2014ರಲ್ಲಿ ಬಂತು. ಎರಡು ವರ್ಷಕ್ಕೆ ಕೌಂಟಿ ಮಗುಚಿತು.

ತಾರೀಖುಗಳು ಹೀಗೆ ಒಂದರ ಪಕ್ಕ ಒಂದು ಬಂದು ನಿಂತಾಗ ಕಾರಣ ಸಿಕ್ಕಿತೆಂದು ಕುಣಿಯುವ ಆಸೆಯಾಗುತ್ತದೆ. ಕುಣಿಯಬಾರದು. ತಂಬಾಕನ್ನು ಕಂಡೇ ಇರದ ಎಷ್ಟೋ ಕೌಂಟಿಗಳು ಅದೇ ವರ್ಷ ಅದೇ ಕಡೆ ವಾಲಿವೆ. ಆದರೂ ಇಷ್ಟು ಹೇಳಬಹುದು: ಪಕ್ಷಕ್ಕೂ ಮನೆಯ ಕಾಸಿಗೂ ನಡುವೆ ಇದ್ದ ಹಗ್ಗಗಳಲ್ಲಿ ಒಂದು ಆಗ ಕಳಚಿತು. ಸಮೀಪದ ಆ್ಯಶ್‌ಲ್ಯಾಂಡಿನ ಉಕ್ಕಿನ ಕಾರ್ಖಾನೆಯ ಊದುಕುಲುಮೆ 2015ರ ಡಿಸೆಂಬರಿನಲ್ಲಿ ಆರಿತು; ಆಮೇಲೆ ಹೊತ್ತಿಕೊಳ್ಳಲಿಲ್ಲ. ಅದು ಇನ್ನೊಂದು ಹಗ್ಗ, ಕಾರ್ಮಿಕ ಸಂಘದ್ದು.

*

ಇದಕ್ಕೆ ಎದುರು ಬೀಳುವ ಸಂಗತಿಯನ್ನೂ ಬರೆಯದಿದ್ದರೆ ನ್ಯಾಯವಾಗದು. 2014ರಲ್ಲಿ ಒಬಾಮಾ ಆರೋಗ್ಯ ಕಾಯ್ದೆಯಡಿ ಕೆಂಟಕಿಯ ಡೆಮಾಕ್ರಟಿಕ್ ಗವರ್ನರ್ ಸ್ಟೀವ್ ಬೆಶಿಯರ್ ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಡ್ ಅನ್ನು ವಿಸ್ತರಿಸಿದರು. ರಾಜ್ಯದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನಕ್ಕೆ ಅದರಿಂದ ಆಸ್ಪತ್ರೆ ಖರ್ಚಿನ ಆಸರೆ ಸಿಕ್ಕಿತು. ಪೂರ್ವದ ಗುಡ್ಡಗಾಡು ಅದರ ದೊಡ್ಡ ಫಲಾನುಭವಿ. ಹೊಸ ಹಗ್ಗ ಕಟ್ಟಿದ ಎರಡನೇ ವರ್ಷಕ್ಕೇ ಕೌಂಟಿ ಕೈ ಬಿಟ್ಟಿತು. ಕೊಟ್ಟವರಿಗೆ ಮತ ಎಂಬುದು ರೂಸ್‌ವೆಲ್ಟ್ ಕಾಲದಲ್ಲಿ ನಡೆಯಿತು, 2016ರಲ್ಲಿ ನಡೆಯಲಿಲ್ಲ.

*

ಈಗ ಅಂಕಿಗಳ ಬಳಿಗೆ. ಶೇಕಡಾ ಲೆಕ್ಕ ಬಿಟ್ಟು ತಲೆ ಎಣಿಸಿದರೆ ಬೇರೆಯದೇ ಕಥೆ ಬರುತ್ತದೆ. ಮತ ಇರುವುದೇ ಎರಡು ಮೂರು ಸಾವಿರ. ಕೈಬೆರಳಿಗೆ ಸಿಗುವ ಲೆಕ್ಕ.

2004: ಡೆಮಾಕ್ರಟ್ ಕೆರ್ರಿಗೆ ಸುಮಾರು 2,060, ರಿಪಬ್ಲಿಕನ್ ಬುಷ್‌ಗೆ ಸುಮಾರು 870.
2008: ಒಬಾಮಾಗೆ ಸುಮಾರು 1,535, ಮೆಕೇನ್‌ಗೆ ಸುಮಾರು 900.
2012: ಒಬಾಮಾಗೆ ಸುಮಾರು 1,190, ರಾಮ್ನಿಗೆ ಸುಮಾರು 1,130.
2016: ಟ್ರಂಪ್‌ಗೆ 2,000, ಕ್ಲಿಂಟನ್‌ಗೆ 740.

ಎಲ್ಲರೂ ಬೆರಳು ಮಾಡುವುದು ಕೊನೆಯ ಸಾಲಿಗೆ. ನನ್ನ ಕಣ್ಣು ನೆಟ್ಟಿರುವುದು ಎರಡನೆಯದರ ಮೇಲೆ. 2008ರಲ್ಲಿ ಡೆಮಾಕ್ರಟರು ಐನೂರಕ್ಕೂ ಹೆಚ್ಚು ಮತ ಕಳೆದುಕೊಂಡರು. ರಿಪಬ್ಲಿಕನ್ನರಿಗೆ ಸೇರಿದ್ದು ಮೂವತ್ತರ ಆಸುಪಾಸು. ಉಳಿದವರು ಎಲ್ಲಿ ಹೋದರು? ಮನೆಯಲ್ಲಿ ಕೂತರು. ದೇಶವೆಲ್ಲ ಮತಗಟ್ಟೆಗೆ ನುಗ್ಗಿದ ವರ್ಷದಲ್ಲಿ ಇಲ್ಲಿ ಮತದಾನ ಇಳಿಯಿತು. ತಮ್ಮ ಪಕ್ಷದ ಅಭ್ಯರ್ಥಿಗೆ ಹಾಕಲು ಮನಸ್ಸಿಲ್ಲ, ಎದುರು ಪಕ್ಷಕ್ಕೆ ಹಾಕಲು ಕೈ ಬರದು.

2012ರಲ್ಲಿ ಗೆರೆ ದಾಟುವವರು ಒಬ್ಬೊಬ್ಬರಾಗಿ ಶುರುವಾದರು. ಅಂತರ 60 ಮತಕ್ಕೆ ಇಳಿಯಿತು. 2016ರಲ್ಲಿ ಡೆಮಾಕ್ರಟರ ಪಾಲು ಇನ್ನೂ 450 ಕರಗಿತು, ರಿಪಬ್ಲಿಕನ್ ಪಾಲು 870ರಷ್ಟು ಏರಿತು, ಒಟ್ಟು ಮತದಾನವೂ 2004ರ ಹತ್ತಿರಕ್ಕೆ ವಾಪಸು ಬಂತು. ಮನೆಯಲ್ಲಿ ಕೂತವರು ಎದ್ದು ಬಂದರು, ಬೇರೆ ಬಾಗಿಲಿಂದ. ಅವರೇ ಬಂದರು ಎಂದು ಪ್ರಮಾಣ ಮಾಡಲಾಗದು. ಹನ್ನೆರಡು ವರ್ಷದಲ್ಲಿ ಎಷ್ಟೋ ಮುದುಕರು ತೀರಿಕೊಂಡಿರುತ್ತಾರೆ, ಎಷ್ಟೋ ಹುಡುಗರು ಹದಿನೆಂಟು ದಾಟಿರುತ್ತಾರೆ. ಆದರೆ ಊರೊಂದು ಪಕ್ಷ ಬದಲಿಸುವಾಗ ನಡುವೆ ಎಂಟು ವರ್ಷ ಮೌನದ ಜಗಲಿಯ ಮೇಲೆ ಕೂತಿತ್ತು ಎಂದು ಈ ನಾಲ್ಕು ಸಾಲು ಓದಿದಾಗ ನನಗನ್ನಿಸುತ್ತದೆ.

*

ಬಣ್ಣದ ಮಾತು ಬಾರದೆ ಇರುವುದಿಲ್ಲ. 2008ರ ಐನೂರು ಜನ ಮನೆಯಲ್ಲಿ ಕೂತದ್ದು ಅಭ್ಯರ್ಥಿ ಕರಿಯ ಎಂದೇ? ಕೆಲವರಾದರೂ ಹೌದು ಎಂದೇ ನಾನು ತಿಳಿದಿದ್ದೇನೆ. ಅಲ್ಲ ಎನ್ನುವುದು ಮುಗ್ಧತೆ. 2012ರ ಪ್ರೈಮರಿಯಲ್ಲಿ ಹಾಲಿ ಅಧ್ಯಕ್ಷ ಒಬಾಮಾಗೆ ಎದುರಾಳಿಯೇ ಇಲ್ಲದಿದ್ದರೂ ಕೆಂಟಕಿಯ ಡೆಮಾಕ್ರಟರಲ್ಲಿ ಶೇ. 42 ಮಂದಿ ಯಾರಿಗೂ ಇಲ್ಲ ಎಂಬ ಕಡೆ ಗುರುತು ಹಾಕಿದರು.

ಆದರೆ ಇದೇ ಕೌಂಟಿ, ಬಹುತೇಕ ಪೂರ್ತಿ ಬಿಳಿಯರದು, 2008ರಲ್ಲಿ ಅದೇ ಮನುಷ್ಯನಿಗೆ ಶೇ. 61 ಕೊಟ್ಟಿತ್ತು. ಆ ವರ್ಷ ಕೆಂಟಕಿಯ 120 ಕೌಂಟಿಗಳಲ್ಲಿ ಒಬಾಮಾ ಗೆದ್ದದ್ದು ಎಂಟು. 2012ರಲ್ಲಿ ನಾಲ್ಕು: ದೊಡ್ಡ ನಗರಗಳಾದ ಲೂಯಿವಿಲ್ ಮತ್ತು ಲೆಕ್ಸಿಂಗ್ಟನ್, ರಾಜಧಾನಿ ಫ್ರ್ಯಾಂಕ್‌ಫರ್ಟ್, ಆಮೇಲೆ ಈ ಗುಡ್ಡದ ಸಂದಿಯ ಎಲಿಯಟ್.

ಇನ್ನೂ ತಲೆ ಕೆಡಿಸುವುದು ಹಿಲರಿಯ ಪ್ರಸಂಗ. 2008ರ ಮೇ ತಿಂಗಳಲ್ಲಿ ಕೆಂಟಕಿಯ ಡೆಮಾಕ್ರಟರು ಒಬಾಮಾನನ್ನು ಬಿಟ್ಟು ಈಕೆಯನ್ನು ಶೇ. 65–30ರಲ್ಲಿ ತಲೆಯ ಮೇಲೆ ಹೊತ್ತಿದ್ದರು. ಎಂಟು ವರ್ಷ ಕಳೆದು ಅದೇ ಹೆಂಗಸು ಬಂದಾಗ ಎಲಿಯಟ್‌ನಲ್ಲಿ 740 ಮತ. ಬಣ್ಣವೊಂದೇ ಕಾರಣವಾಗಿದ್ದರೆ ಆ ಐನೂರು ಜನ ಆಕೆಗಾದರೂ ವಾಪಸು ಬರಬೇಕಿತ್ತು. ಕಲ್ಲಿದ್ದಲು ಗಣಿಗಳು ಮುಚ್ಚುತ್ತವೆ ಎಂಬರ್ಥದ ಆಕೆಯ ಮಾತು ಆ ವರ್ಷ ಪೂರ್ವ ಕೆಂಟಕಿಯಲ್ಲೆಲ್ಲ ಸುತ್ತಾಡಿತು. ಎಲಿಯಟ್ ದೊಡ್ಡ ಗಣಿಯ ಕೌಂಟಿಯಲ್ಲ, ಆದರೂ ಸುತ್ತಲ ಮಾತು ಕಿವಿಗೆ ಬೀಳದೆ ಇರದು. ಪಕ್ಕದ ರೋವನ್ ಕೌಂಟಿಯಲ್ಲಿ 2015ರಲ್ಲಿ ಸಲಿಂಗ ಜೋಡಿಗಳಿಗೆ ವಿವಾಹ ಪತ್ರ ಕೊಡುವುದಿಲ್ಲವೆಂದು ಜೈಲಿಗೆ ಹೋದ ಗುಮಾಸ್ತೆ ಕಿಮ್ ಡೇವಿಸ್ ಕೂಡ ಡೆಮಾಕ್ರಟ್ ಆಗಿ ಆರಿಸಿ ಬಂದವಳೇ. ಜೈಲಿನಿಂದ ಹೊರಬಂದ ಕೆಲವೇ ದಿನಕ್ಕೆ ರಿಪಬ್ಲಿಕನ್ ಆದಳು. ಮನಸ್ಸು ಎಂದೋ ಹೋಗಿತ್ತು, ಹೆಸರು ಆಮೇಲೆ ಹೋಯಿತು.

*

ಒಂದು ಅಡ್ಡ ಟಿಪ್ಪಣಿ. 2000ದಿಂದ 2010ರೊಳಗೆ ಎಲಿಯಟ್‌ನ ಜನಸಂಖ್ಯೆ 6,748ರಿಂದ 7,852ಕ್ಕೆ ಏರಿತು. ಬಡ ಗುಡ್ಡಗಾಡಿನಲ್ಲಿ ಇಂಥ ಏರಿಕೆಯೇ? 2005ರಲ್ಲಿ ಅಲ್ಲಿ ರಾಜ್ಯದ ಜೈಲು ತೆರೆಯಿತು, ಸುಮಾರು ಸಾವಿರ ಕೈದಿಗಳದು. ಜನಗಣತಿ ಅವರನ್ನು ಎಣಿಸುತ್ತದೆ, ಮತಪಟ್ಟಿ ಎಣಿಸುವುದಿಲ್ಲ. ಈ ಕೌಂಟಿಯ ಮತದಾನದ ಪ್ರಮಾಣವನ್ನು ಜನಸಂಖ್ಯೆಯಿಂದ ಭಾಗಿಸಿ ತೀರ್ಮಾನಕ್ಕೆ ಬರುವವರು ಮೊದಲು ಆ ಬೇಲಿಯನ್ನು ಲೆಕ್ಕದಿಂದ ಹೊರಗಿಡಬೇಕು.

*

ಇನ್ನೊಂದು ಕೌಂಟಿಯನ್ನು ಇಲ್ಲಿ ತರುತ್ತೇನೆ: ಅಲಬಾಮಾದ ಲೌಂಡ್ಸ್, ಸೆಲ್ಮಾದಿಂದ ಮಾಂಟ್ಗೊಮೆರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. 1965ರ ಆರಂಭದಲ್ಲಿ ಅಲ್ಲಿನ ಜನರಲ್ಲಿ ಬಹುಪಾಲು ಕರಿಯರು, ಮತಪಟ್ಟಿಯಲ್ಲಿದ್ದ ಕರಿಯರು ಸೊನ್ನೆ. ಆ ರಾಜ್ಯದ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಬಿಳಿ ಹುಂಜ; ಬಿಳಿಯರ ಮೇಲುಗೈ ಎಂಬ ಘೋಷಣೆ ಅದರ ಜೊತೆಗೇ ಅಚ್ಚಾಗುತ್ತಿತ್ತು. ಆ ಹುಂಜದ ಎದುರು ಅಲ್ಲಿನ ಕರಿಯರು 1966ರಲ್ಲಿ ತಮ್ಮದೇ ಪಕ್ಷ ಕಟ್ಟಿ ಕರಿ ಚಿರತೆಯ ಚಿಹ್ನೆ ಹಿಡಿದರು. 1965ರ ಮತದಾನ ಹಕ್ಕು ಕಾಯ್ದೆ ಬಂದು ಪಟ್ಟಿ ತೆರೆದ ಮೇಲೆ, 1970ರಲ್ಲಿ ಅವರ ಮುಂದಾಳು ಜಾನ್ ಹ್ಯುಲೆಟ್ ಶೆರಿಫ್ ಆದ. ಅಧ್ಯಕ್ಷೀಯ ಚುನಾವಣೆಗಳಲ್ಲಿ ಆ ಕೌಂಟಿ ಕ್ರಮೇಣ ಗಟ್ಟಿ ಡೆಮಾಕ್ರಟಿಕ್ ಆಯಿತು.

ಅಲ್ಲಿನ ಬದಲಾವಣೆಯಲ್ಲಿ ಗೊಂದಲವಿಲ್ಲ: ಯಾರೂ ಮನಸ್ಸು ಬದಲಿಸಬೇಕಾಗಿರಲಿಲ್ಲ, ಬಾಗಿಲು ತೆರೆದರೆ ಸಾಕಿತ್ತು. ಆದರೆ 2012ರ ನಕ್ಷೆ ತೆರೆದು ನೋಡಿ: ಲೌಂಡ್ಸ್ ಡೆಮಾಕ್ರಟರ ನೀಲಿ, ಎಲಿಯಟ್ ಕೂಡ ಅದೇ ನೀಲಿ. ಒಂದು ಹುಂಜವನ್ನು ಸೋಲಿಸಿ ಡೆಮಾಕ್ರಟಿಕ್ ಆದದ್ದು, ಇನ್ನೊಂದು ಹುಂಜದ ಕಾಲದಿಂದಲೂ ಆಗಿದ್ದದ್ದು. ನಕ್ಷೆಯ ಬಣ್ಣವನ್ನು ನಂಬಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇಂಥ ಕಡೆ.

*

ಮತ್ತೆ ಆ ನಾಲ್ಕು ಸಾಲು. ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗಿಡಿ: 2,060–870, 2,000–740. ಬದಿ ಅದಲುಬದಲಾಗಿದೆ, ಅನುಪಾತ ಹೆಚ್ಚುಕಡಿಮೆ ಅದೇ. ಎಲಿಯಟ್‌ಗೆ ಅಪರಿಚಿತವಾದದ್ದು 2012, ಊರು ಎರಡು ಸಮಪಾಲಾದ ವರ್ಷ. ಈ ಕೌಂಟಿಯ ನಿಜವಾದ ಅಭ್ಯಾಸ ಡೆಮಾಕ್ರಟಿಕ್ ಪಕ್ಷವಾಗಿರಲಿಲ್ಲ, ಒಟ್ಟಿಗೆ ಹೋಗುವುದಾಗಿತ್ತು ಎಂಬ ಗುಮಾನಿ ನನಗೆ ಬಲವಾಗುತ್ತಿದೆ. ನೆರೆಹೊರೆ, ಚರ್ಚು, ನೆಂಟರು ಯಾವ ಕಡೆಯೋ ಆ ಕಡೆ. ಊರು ಅನುಮಾನಿಸುತ್ತಿದ್ದಾಗ ಮನೆಯಲ್ಲಿ ಕೂತರು, ತೀರ್ಮಾನಿಸಿದ ಮೇಲೆ ಜೊತೆಗೆ ಹೊರಟರು. 2020ರಲ್ಲಿ ಟ್ರಂಪ್ ಪಾಲು ಶೇ. 75ರ ಹತ್ತಿರ ಬಂತು. 2024ರಲ್ಲಿ ಅದಕ್ಕಿಂತಲೂ ಏರಿತು.

ಇದನ್ನು ಒಪ್ಪದ ಸಾಕ್ಷ್ಯವೂ ಕೈಯಲ್ಲಿದೆ. 2019ರಲ್ಲಿ, ಟ್ರಂಪ್ ಕಾಲದ ನಟ್ಟನಡುವೆ, ಗವರ್ನರ್ ಚುನಾವಣೆಯಲ್ಲಿ ಎಲಿಯಟ್ ಡೆಮಾಕ್ರಟ್ ಆ್ಯಂಡಿ ಬೆಶಿಯರ್‌ನನ್ನು ಗೆಲ್ಲಿಸಿತು. ಸ್ಯಾಂಡಿ ಹುಕ್‌ನವರೇ ಆದ ರಾಕಿ ಆ್ಯಡ್ಕಿನ್ಸ್ 1987ರಿಂದ ರಾಜ್ಯದ ಕೆಳಮನೆಯಲ್ಲಿ ಡೆಮಾಕ್ರಟ್ ಆಗಿಯೇ ಕೂತಿದ್ದರು, ವರ್ಷಗಟ್ಟಲೆ ಬಹುಮತದ ನಾಯಕರಾಗಿದ್ದರು. ಅಧ್ಯಕ್ಷನ ಮತ ಮಗುಚಿದ ಮೇಲೂ ಅವರ ಸೀಟು ಅಲುಗಲಿಲ್ಲ. ಬೆಶಿಯರ್ ಗೆದ್ದ ಮೇಲೆ ಅವರು ಸಲಹೆಗಾರರಾಗಿ ರಾಜಧಾನಿಗೆ ಹೋದರು. ತೆರವಾದ ಸೀಟಿಗೆ 2020ರ ಫೆಬ್ರವರಿಯಲ್ಲಿ ಉಪಚುನಾವಣೆ ನಡೆದು ರಿಪಬ್ಲಿಕನ್ ಗೆದ್ದ. ಅಧ್ಯಕ್ಷನಿಂದ ಶಾಸಕನವರೆಗೆ ಇಳಿಯಲು ಬದಲಾವಣೆಗೆ ನಾಲ್ಕು ವರ್ಷ ಹಿಡಿಯಿತು, ಅದೂ ಪರಿಚಿತ ಮುಖ ಪಕ್ಕಕ್ಕೆ ಸರಿದ ಮೇಲೆ. 2022ರ ಜುಲೈಯಲ್ಲಿ ಇಡೀ ಕೆಂಟಕಿಯ ನೋಂದಣಿಯಲ್ಲೂ ರಿಪಬ್ಲಿಕನ್ನರು ಮೊದಲ ಬಾರಿಗೆ ಡೆಮಾಕ್ರಟರನ್ನು ದಾಟಿದರು. ಜೈಲರ್, ಶೆರಿಫ್‌ಗಳ ಪ್ರೈಮರಿ ಯಾವ ಪಕ್ಷದ ಅಂಗಳದಲ್ಲಿ ನಡೆಯುತ್ತದೆ ಎಂಬುದನ್ನು ಇನ್ನು ನೋಡಬೇಕು. ಆ ಅಂಗಳ ಬದಲಾದರೆ ಡಿಸೆಂಬರ್ 31ರೊಳಗೆ ಹೆಸರು ಬದಲಿಸಲು ಗುಮಾಸ್ತನ ಕಚೇರಿಯ ಮುಂದೆ ಸಾಲು ನಿಲ್ಲುತ್ತದೆ.